ಟಿಕೆಟ್ ಕಿಟಕಿಯ ಹಿಂದಿನ ವಿಎಂಎಸ್



ಮಿನಿಕಂಪ್ಯೂಟರ್ ಕಾಲದ ಆಪರೇಟಿಂಗ್ ಸಿಸ್ಟಂಗಳ ಬಗ್ಗೆ ನಾಲ್ಕು ಮಾತು ಹೇಳಲು ಈ ಸಮ್ಮೇಳನದ ಪೀಠವನ್ನು ಬಳಸಿಕೊಳ್ಳುತ್ತೇನೆ. ಬಂಗಾರಪೇಟೆ ನಿಲ್ದಾಣದಲ್ಲಿ ಸ್ಲೀಪರ್ ಟಿಕೆಟ್ ಕಾಯ್ದಿರಿಸಿದವರೆಲ್ಲ ಅಂಥದೊಂದರ ಋಣದಲ್ಲಿದ್ದೀರಿ. ಊರಿಗೆ ಇನ್ನೂ ರೈಲೇ ಬಾರದ ಮುಳಬಾಗಿಲಿನವರೂ ಅದಕ್ಕೆ ಹೊರತಲ್ಲ.

ಆ ಆಪರೇಟಿಂಗ್ ಸಿಸ್ಟಂನ ಹೆಸರು ವಿಎಂಎಸ್. ಅಮೆರಿಕದ ಡಿಜಿಟಲ್ ಕಂಪನಿ 1977ರಲ್ಲಿ ಪ್ರಕಟಿಸಿದ ವ್ಯಾಕ್ಸ್ ಯಂತ್ರಕ್ಕಾಗಿ ಡೇವ್ ಕಟ್ಲರ್ ಮತ್ತು ಸಂಗಡಿಗರು ಕಟ್ಟಿದ್ದು. ಹತ್ತಾರು ಜನ ಏಕಕಾಲಕ್ಕೆ ಟರ್ಮಿನಲ್ ಮುಂದೆ ಕೂತರೂ ಪ್ರತಿಯೊಬ್ಬನಿಗೂ ಯಂತ್ರ ತನ್ನೊಬ್ಬನದೇ ಅನ್ನಿಸುವಂತೆ ಅದು ಸಮಯವನ್ನು ಹಂಚುತ್ತಿತ್ತು. ಕಡತವೊಂದನ್ನು ತಿದ್ದಿ ಉಳಿಸಿದರೆ ಹಳೆಯದು ಅಳಿಯುತ್ತಿರಲಿಲ್ಲ. ಹೊಸದಕ್ಕೆ ಮುಂದಿನ ಸಂಖ್ಯೆ ಬೀಳುತ್ತಿತ್ತು. ಒಂದೇ ದಾಖಲೆಗೆ ಇಬ್ಬರು ಒಟ್ಟಿಗೆ ಕೈಹಾಕದಂತೆ ಬೀಗ ಹಾಕುವ ಏರ್ಪಾಡೂ ಇತ್ತು.

ಈ ಬೀಗದ ಬೆಲೆ ರೈಲ್ವೆಯವರಿಗೆ ಚೆನ್ನಾಗಿ ಗೊತ್ತು. ಹಿಂದೆ ಸೀಟು ಕಾಯ್ದಿರಿಸುವುದೆಂದರೆ ದಪ್ಪ ರಿಜಿಸ್ಟರು, ಗುಮಾಸ್ತರ ಪೆನ್ನು, ಉದ್ದನೆಯ ಸಾಲು. 1980ರ ದಶಕದ ನಡುವಿನಲ್ಲಿ ಆಗ ನಮ್ಮದೇ ಸರ್ಕಾರಿ ಸಂಸ್ಥೆಯಾಗಿದ್ದ ಸಿಎಂಸಿಯ ಎಂಜಿನಿಯರುಗಳು ದೆಹಲಿಯಲ್ಲಿ ವ್ಯಾಕ್ಸ್ ಯಂತ್ರಗಳ ಮೇಲೆ 'ಇಂಪ್ರೆಸ್' ಎಂಬ ವ್ಯವಸ್ಥೆ ಕಟ್ಟಿದರು. ಮುಂದೆ ದೆಹಲಿ, ಮುಂಬಯಿ, ಕೋಲ್ಕತ್ತ, ಚೆನ್ನೈ, ಸಿಕಂದರಾಬಾದ್ ಕೇಂದ್ರಗಳನ್ನು 1999ರಲ್ಲಿ 'ಕನ್ಸರ್ಟ್' ಎಂಬ ತಂತ್ರಾಂಶ ಒಂದಾಗಿ ಬೆಸೆಯಿತು. ಅದೂ ವಿಎಂಎಸ್ ಮೇಲೆಯೇ. ಯಾವ ಊರಿನ ಕಿಟಕಿಯಿಂದಲೂ ಯಾವ ಊರಿನ ರೈಲಿಗೂ ಟಿಕೆಟ್ ಸಿಗುವಂತಾಯಿತು. ಸ್ವತಂತ್ರ ಭಾರತದ ಸಾಫ್ಟ್‌ವೇರ್ ಕೆಲಸಗಳಲ್ಲಿ ಜನಸಾಮಾನ್ಯರಿಗೆ ಇಷ್ಟು ಉಪಕಾರ ಮಾಡಿದ್ದು ಮತ್ತೊಂದಿಲ್ಲವೆಂದೇ ನನ್ನ ನಂಬಿಕೆ.

ನಮ್ಮ ನೆರೆಯ ಬೆಂಗಳೂರಿನ ಪಾಲೂ ದೊಡ್ಡದು. 1981ರಲ್ಲಿ ವಿಪ್ರೊ ತನ್ನ ಮಿನಿಕಂಪ್ಯೂಟರನ್ನು ಹೊರತಂದಿತು. 1983ರಲ್ಲಿ ಬೆಂಗಳೂರಿಗೆ ಬಂದ ಇನ್ಫೋಸಿಸ್ ಮೈಕೊ ಕಾರ್ಖಾನೆಗಾಗಿ ದುಡಿದದ್ದು ಡೇಟಾ ಜನರಲ್ ಮಿನಿಕಂಪ್ಯೂಟರಿನ ಮೇಲೆ. 2009ರಲ್ಲಂತೂ ಎಚ್‌ಪಿ ಕಂಪನಿ ವಿಎಂಎಸ್ ಅಭಿವೃದ್ಧಿಯ ಕೆಲಸವನ್ನೇ ಅಮೆರಿಕದಿಂದ ಬೆಂಗಳೂರಿಗೆ ತಂದಿತು. ಮೂವತ್ತು ದಾಟಿದ ಆ ವ್ಯವಸ್ಥೆಯನ್ನು ನಮ್ಮ ಎಂಜಿನಿಯರುಗಳು ಕೆಲವು ವರ್ಷ ಸಾಕಿ ಸಲಹಿದರು. 2014ರಲ್ಲಿ ಅದರ ಹೊಣೆ ಬೇರೊಂದು ಅಮೆರಿಕನ್ ಸಂಸ್ಥೆಗೆ ಹೋಯಿತು; 2022ರಿಂದ ವಿಎಂಎಸ್ ಸಾಮಾನ್ಯ ಇಂಟೆಲ್ ಮಾದರಿಯ ಸರ್ವರುಗಳ ಮೇಲೂ ಓಡುತ್ತಿದೆ.

ವಿದ್ಯಾರ್ಥಿಗಳೆ, ನಿಮ್ಮ ಲ್ಯಾಪ್‌ಟಾಪಿನ ವಿಂಡೋಸ್ ಕೂಡ ಇದೇ ಮನೆತನದ್ದು. ಕಟ್ಲರ್ 1988ರಲ್ಲಿ ಮೈಕ್ರೋಸಾಫ್ಟ್ ಸೇರಿ ಕಟ್ಟಿದ ಎನ್‌ಟಿ ಎಂಬ ವ್ಯವಸ್ಥೆಯೇ ಅದರ ಅಡಿಪಾಯ. ಫೋನಿನ ಆಂಡ್ರಾಯ್ಡ್‌ನ ಆಳದಲ್ಲಿರುವ ಲಿನಕ್ಸ್, ಪಿಡಿಪಿ ಮಿನಿಕಂಪ್ಯೂಟರುಗಳಲ್ಲಿ ಬೆಳೆದ ಯುನಿಕ್ಸ್‌ನ ದಾರಿಯನ್ನೇ ಹಿಡಿದದ್ದು.

ಇಷ್ಟೆಲ್ಲದರ ಬಗ್ಗೆ ಕನ್ನಡದಲ್ಲಿ ಬರೆದಿಟ್ಟದ್ದು ತೀರ ಕಡಿಮೆ. ಮುಳಬಾಗಿಲಿನ ಡಿವಿಜಿ ತಾವು ಕಂಡ ಜನರನ್ನು 'ಜ್ಞಾಪಕ ಚಿತ್ರಶಾಲೆ'ಯಲ್ಲಿ ಉಳಿಸಿಕೊಟ್ಟರು. ಹಾಗೆ ಉಳಿಸಿಕೊಡಬೇಕಾದವರು, ಆ ಮಿನಿಕಂಪ್ಯೂಟರುಗಳೊಡನೆ ಬಾಳಿದವರು, ರಾತ್ರಿ ಪಾಳಿಯಲ್ಲಿ ಟೇಪು ಬದಲಿಸಿದವರು, ಟಿಕೆಟ್ ಕಿಟಕಿಯಲ್ಲಿ ಮೊದಲ ಟರ್ಮಿನಲಿನ ಕೀಲಿ ಒತ್ತಿದವರು ನಮ್ಮ ಕೋಲಾರ ಜಿಲ್ಲೆಯಲ್ಲೂ ಇದ್ದಾರು; ಈಗ ನಿವೃತ್ತರಾಗಿದ್ದಾರು. ಅಧ್ಯಾಪಕರೆ, ನಿಮ್ಮ ವಿದ್ಯಾರ್ಥಿಗಳನ್ನು ಅವರಲ್ಲಿಗೆ ಕಳಿಸಿ. ಅವರ ಮಾತು ಬರೆದುಕೊಳ್ಳಿ, ಹಳೆಯ ಕೈಪಿಡಿಗಳನ್ನು ರದ್ದಿಗೆ ಹಾಕದೆ ಕಾಲೇಜು ಗ್ರಂಥಾಲಯಕ್ಕೆ ತಂದುಕೊಡಿ. ಮುಂದಿನ ಸಮ್ಮೇಳನದೊಳಗೆ ಈ ಕೆಲಸ ಶುರುವಾಗಲಿ ಎಂದು ತಮ್ಮೆಲ್ಲರನ್ನೂ ಕೇಳಿಕೊಳ್ಳುತ್ತೇನೆ.