ಪಟ್ಟದ ಗೊಂಬೆಯ ಪಕ್ಕದಲ್ಲಿ ಈಜಿಪ್ಟಿನ ರಾಜ

(ಕೂಟದ ಸಂಸ್ಥಾಪನಾ ದಿನೋತ್ಸವದಲ್ಲಿ ಆಡಿದ ಮಾತುಗಳು)



"ನಿಮ್ಮ ಹವ್ಯಾಸದ ಬಗ್ಗೆ ಹತ್ತು ನಿಮಿಷ ಮಾತನಾಡಿ" ಎಂದು ಸಮಿತಿಯವರು ಕೇಳಿದಾಗ ನಾವಿಬ್ಬರೂ, ಅಂದರೆ ಗಂಡಹೆಂಡಿರು, ಸ್ವಲ್ಪ ಹಿಂಜರಿದೆವು. ಪ್ರಾಚೀನ ಈಜಿಪ್ಟಿನ ರಾಜರಾಣಿಯರ ಪ್ರತಿಕೃತಿಗಳನ್ನು ಸಂಗ್ರಹಿಸುವುದು ನಮ್ಮ ಹವ್ಯಾಸ. ಕನ್ನಡ ಕೂಟದಲ್ಲಿ ಇದಕ್ಕೇನು ಕೆಲಸ ಎಂದು ನೀವು ಕೇಳಬಹುದು. ಆದರೆ ಇದರಿಂದ ನಾವು ಕಲಿತ ಒಂದು ಪಾಠ, ದಸರೆಗೆ ಗೊಂಬೆ ಕೂರಿಸುವ ಎಲ್ಲರ ಮನೆಗೂ ಸಂಬಂಧಪಟ್ಟದ್ದು. ಆದ್ದರಿಂದ ಧೈರ್ಯ ಮಾಡಿದ್ದೇವೆ.

ಸ್ಯಾನ್ ಹೋಸೆಯಲ್ಲಿರುವ ರೋಸಿಕ್ರೂಷಿಯನ್ ಈಜಿಪ್ಷಿಯನ್ ಮ್ಯೂಸಿಯಂ ನಿಮ್ಮಲ್ಲಿ ಅನೇಕರಿಗೆ ಗೊತ್ತು. ಇಲ್ಲಿನ ಆರನೆಯ ತರಗತಿಯಲ್ಲಿ ಪ್ರಾಚೀನ ನಾಗರಿಕತೆಗಳ ಪಾಠ ಇರುವುದರಿಂದ ಮಕ್ಕಳ ನೆಪದಲ್ಲಿ ತಂದೆತಾಯಿಗಳೂ ಅಲ್ಲಿಗೆ ಹೋಗುತ್ತಾರೆ. ಕಾರ್ನಾಕ್ ದೇವಾಲಯದ ಶೈಲಿಯ ಈಗಿನ ಕಟ್ಟಡ 1966ರಲ್ಲಿ ತೆರೆಯಿತು. ಒಳಗೆ 4,000ಕ್ಕೂ ಹೆಚ್ಚು ವಸ್ತುಗಳಿವೆ. ಮೂಲವಸ್ತುಗಳ ಜೊತೆಗೆ ಪ್ರತಿಕೃತಿಗಳೂ ಇವೆ: ರೊಸೆಟ್ಟಾ ಶಿಲೆಯ ಪ್ರತಿ, ಒಳಹೊಕ್ಕು ನೋಡಬಹುದಾದ ಒಂದು ಗೋರಿ. ನಮ್ಮ ಮಗಳ ಜೊತೆ ಅಲ್ಲಿಗೆ ಹೋಗಿ ಬಂದ ಮೇಲೆಯೇ ನಮಗೆ ಈ ಹುಚ್ಚು ಹಿಡಿದದ್ದು. ಬೇರೊಂದು ಅಂಗಡಿಯಲ್ಲಿ ತೂತಾಂಖಾಮನ್ ರಾಜನ ಮುಖವಾಡವನ್ನೂ ನೆಫರ್ಟಿಟಿ ರಾಣಿಯ ತಲೆಯನ್ನೂ ಜೋಡಿಯಾಗಿ ಮಾರುತ್ತಿದ್ದರು. ಕೊಂಡು ತಂದೆವು.

ಆ ವರ್ಷದ ನವರಾತ್ರಿಗೆ ಮೈಸೂರಿನಿಂದ ಅಮ್ಮ ಬಂದಿದ್ದರು. ಏಳು ಮೆಟ್ಟಿಲು ಕಟ್ಟಿ, ಮೇಲೆ ಕಳಶ, ಅದರ ಕೆಳಗೆ ಮರದ ಪಟ್ಟದ ಗೊಂಬೆ, ಅದರ ಪಕ್ಕದಲ್ಲೇ ಈ ಈಜಿಪ್ಟಿನ ಜೋಡಿಯನ್ನು ಇಟ್ಟೆವು. ಅಮ್ಮ ಕನ್ನಡಕ ಸರಿಪಡಿಸಿಕೊಂಡು ನೋಡಿದರು.

"ಯಾರೇ ಪುಟ್ಟಿ ಇವರು?"

"ಈಜಿಪ್ಟಿನ ರಾಜ ರಾಣಿ ಅಜ್ಜಿ. ಅವರ ಪಟ್ಟದ ಗೊಂಬೆ."

"ಗಂಡಹೆಂಡ್ತಿ ತಾನೇ?"

ಮಗಳು ತನ್ನ ಪುಸ್ತಕ ತಂದು ತಿರುವಿ ಹಾಕಿದಳು. ನೆಫರ್ಟಿಟಿ ಆಖೆನಾಟೆನ್ ಎಂಬ ರಾಜನ ಪಟ್ಟದರಾಣಿ. ತೂತಾಂಖಾಮನ್ ಮದುವೆಯಾದದ್ದು ಅವಳ ಮಗಳು ಆಂಖೆಸೆನಾಮುನ್‌ಳನ್ನು!

"ಅಯ್ಯೋ ರಾಮ, ಅತ್ತೆ ಅಳಿಯನ್ನ ಜೋಡಿ ಮಾಡಿ ಕೂರಿಸಿದ್ದೀರಲ್ಲೋ!" ಎಂದು ಅಮ್ಮ ತಲೆ ಚಚ್ಚಿಕೊಂಡರು. ಎಲ್ಲರೂ ಬಿದ್ದು ಬಿದ್ದು ನಕ್ಕೆವು. ಆದರೆ ಮುಖವಾಡ ಏತಕ್ಕೆ ಮಾಡಿದ್ದೆಂದು ಅವರು ಕೇಳಿದಾಗ ನಗು ನಿಂತಿತು. ಹೇಳಲೇಬೇಕಾಯಿತು. ಅದು ರಾಜನ ಶವದ ಮುಖದ ಮೇಲೆ ಹೊದಿಸಿದ್ದು. ಅವನು ತೀರಿಕೊಂಡಾಗ ಹದಿನೆಂಟು ಹತ್ತೊಂಬತ್ತು ವರ್ಷ.

ಅಮ್ಮ ಶಕುನ, ಮೈಲಿಗೆ ಎನ್ನುತ್ತಾರೆಂದುಕೊಂಡಿದ್ದೆವು. ಅವರು ಹೇಳಿದ್ದು ಇಷ್ಟೇ: "ಯಾರ ಮನೆಯ ಮಗುವೋ. ಚಂದ ಇದೆ ಅಂತ ಆಟದ ಸಾಮಾನಿನ ಜೊತೆ ಇಡಬಾರದು."

ಆ ಮಾತು ನಮಗೆ ನಾಟಿತು. ಬೆಲೆ ನೋಡಿದ್ದೆವು, ಬಣ್ಣ ನೋಡಿದ್ದೆವು. ಅದು ಯಾರದು ಎಂದು ನೋಡಿರಲಿಲ್ಲ. ಅಂದಿನಿಂದ, ಏನನ್ನೇ ಕೊಳ್ಳುವ ಮೊದಲು ಮೂರು ಪ್ರಶ್ನೆ ಕೇಳಿಕೊಳ್ಳುತ್ತೇವೆ. ಇದು ಯಾರದು? ಏತಕ್ಕಾಗಿ ಮಾಡಿದ್ದು? ಮೂಲ ಎಲ್ಲಿದೆ?

ಹೀಗೆ ಕೇಳುತ್ತಾ ಹೋದರೆ ಎಷ್ಟೋ ಸಂಗತಿ ತಿಳಿಯುತ್ತದೆ. ಹವರ್ಡ್ ಕಾರ್ಟರ್ 1922ರಲ್ಲಿ ಕಂಡುಹಿಡಿದ ಆ ಗೋರಿಯ ಮುಖವಾಡದಲ್ಲಿ ಸುಮಾರು ಹತ್ತು ಕಿಲೋ ಚಿನ್ನವಿದೆ. 1979ರಲ್ಲಿ ಅದು ಸ್ಯಾನ್ ಫ್ರಾನ್ಸಿಸ್ಕೋದ ಡಿ ಯಂಗ್ ಮ್ಯೂಸಿಯಂಗೆ ಬಂದಿತ್ತು. 2009ರಲ್ಲಿ ಅಲ್ಲಿ ಮತ್ತೆ ಪ್ರದರ್ಶನ ನಡೆದಾಗ ಮುಖವಾಡ ಬರಲಿಲ್ಲ. ನಮ್ಮದು ರಬ್ಬರಿನ ಅಚ್ಚಿಗೆ ರೆಸಿನ್ ಸುರಿದು, ಗಟ್ಟಿಯಾದ ಮೇಲೆ ಚಿನ್ನದ ಬಣ್ಣ ಬಳಿದದ್ದು.

ನೆಫರ್ಟಿಟಿಯ ತಲೆ 1912ರಲ್ಲಿ ಅಮರ್ನಾದಲ್ಲಿ ಥುಟ್ಮೋಸ್ ಎಂಬ ಶಿಲ್ಪಿಯ ಕಾರ್ಯಾಗಾರದ ಅವಶೇಷದಲ್ಲಿ ಸಿಕ್ಕಿತು. ಈಗ ಬರ್ಲಿನ್ನಿನಲ್ಲಿದೆ. ಅದರ ಎಡಗಣ್ಣಿನಲ್ಲಿ ಪಾಪೆ ಇಲ್ಲ. ನಿಷ್ಠೆಯಿಂದ ಮಾಡಿದ ಪ್ರತಿಯಲ್ಲಿ ಆ ಕಣ್ಣು ಖಾಲಿಯಾಗಿಯೇ ಇರುತ್ತದೆ. ಸಂತೆಯ ಮಾಲಿನಲ್ಲಿ ಎರಡೂ ಕಣ್ಣು ತುಂಬಿಸಿರುತ್ತಾರೆ! ಇನ್ನೂ ಸ್ವಾರಸ್ಯವೆಂದರೆ, ಆ ಮೂಲವೇ ಬೇರೆ ಶಿಲ್ಪಗಳನ್ನು ಕಡೆಯಲು ಇಟ್ಟುಕೊಂಡಿದ್ದ ಮಾದರಿ ಎಂದು ಅನೇಕ ವಿದ್ವಾಂಸರ ಅಭಿಪ್ರಾಯ. ಹಾಗಾದರೆ ಪ್ರತಿ ಮಾಡುವುದು ಕೀಳು ಕೆಲಸವೇನಲ್ಲ.

ಕೀಳಾಗುವುದು ಪ್ರತಿ ತನ್ನ ಹುಟ್ಟನ್ನು ಮುಚ್ಚಿಟ್ಟಾಗ. ನಮ್ಮ ಸ್ನೇಹಿತರೊಬ್ಬರು ರಾಜಮುದ್ರೆಯಿದ್ದ ಒಂದು ಕಲ್ಲಿನ ಜೀರುಂಡೆಯನ್ನು "ಅಸಲಿ" ಎಂಬ ಪ್ರಮಾಣಪತ್ರದ ಸಮೇತ ದುಬಾರಿ ಬೆಲೆಗೆ ಕೊಂಡರು. ತಿಳಿದವರಿಗೆ ತೋರಿಸಿದಾಗ ಅದು ಹೊಸ ಮಾಲು ಎಂದು ಗೊತ್ತಾಯಿತು. ಅವರು ದುಃಖಪಟ್ಟರು. ಆದರೆ ಅದು ನಿಜವಾಗಿಯೂ ಅಸಲಿಯಾಗಿದ್ದರೆ? ಈಜಿಪ್ಟ್ 1983ರ ಕಾನೂನಿನಿಂದ ಪುರಾತನ ವಸ್ತುಗಳ ವ್ಯಾಪಾರವನ್ನೇ ನಿಷೇಧಿಸಿದೆ. ಯಾರೋ ಕದ್ದು ಅಗೆದದ್ದು ಅವರ ಶೋಕೇಸಿಗೆ ಬಂದಿರಬಹುದಿತ್ತು. ನಮ್ಮ ದೇಶದಲ್ಲೂ 1972ರ ಕಾಯಿದೆಯಿದ್ದರೂ ದೇವಸ್ಥಾನಗಳ ವಿಗ್ರಹಗಳು ಕಳುವಾಗಿವೆ. ನಮ್ಮೂರಿನ ಅಮ್ಮನವರ ಮೂರ್ತಿ ಯಾರದೋ ಬೆಂಕಿಗೂಡಿನ ಮೇಲೆ ಅಲಂಕಾರಕ್ಕೆ ಕುಳಿತರೆ ನಮಗೆ ಹೇಗಾದೀತು? ಸ್ಯಾನ್ ಫ್ರಾನ್ಸಿಸ್ಕೋದ ಏಷ್ಯನ್ ಆರ್ಟ್ ಮ್ಯೂಸಿಯಂನಲ್ಲಿದ್ದ ಎರಡು ಕೆತ್ತನೆಯ ಬಾಗಿಲ ತೊಲೆಗಲ್ಲುಗಳು 2021ರಲ್ಲಿ ಥಾಯ್ಲೆಂಡಿಗೆ ಹಿಂದಿರುಗಿದವು. ಓದಿ ನಮಗೆ ಸಂತೋಷವಾಯಿತು.

ಪ್ರತಿಕೃತಿಯ ಹಿರಿಮೆ ಇರುವುದು ಇಲ್ಲೇ. ಅದು ನಮ್ಮ ಆಸೆಯನ್ನೂ ತೀರಿಸುತ್ತದೆ, ಮೂಲವನ್ನೂ ಅದರ ಜಾಗದಲ್ಲಿ ಬಿಡುತ್ತದೆ. ಪ್ರವಾಸಿಗರ ಉಸಿರಿನ ತೇವ ಗೋರಿಯ ಚಿತ್ರಗಳಿಗೆ ಹಾನಿ ಮಾಡುತ್ತದೆಂದು ಲಕ್ಸರ್‌ನಲ್ಲಿ ತೂತಾಂಖಾಮನ್ನನ ಗೋರಿಗೇ ತದ್ರೂಪ ಮಾಡಿ 2014ರಲ್ಲಿ ತೆರೆದಿದ್ದಾರೆ.

ಇನ್ನು ನಮ್ಮ ಮನೆಯ ಕತೆ. ಮುಖವಾಡವನ್ನು ಮೆಟ್ಟಿಲಿನಿಂದ ತೆಗೆದು ಓದುವ ಕೋಣೆಯಲ್ಲಿ ಎತ್ತರದಲ್ಲಿ ಇಟ್ಟೆವು. ಮುಂದಿನ ದಸರೆಗೆ, ಅದೇ ಗೋರಿಯಲ್ಲಿ ಸಿಕ್ಕಿದ ಚಿನ್ನದ ಸಿಂಹಾಸನದ ಬೆನ್ನಿನ ಚಿತ್ರಫಲಕದ ಪ್ರತಿಕೃತಿಯೊಂದನ್ನು ತಂದೆವು. ಅದರಲ್ಲಿ ರಾಜ ಆರಾಮವಾಗಿ ಕುಳಿತಿದ್ದಾನೆ. ಆಂಖೆಸೆನಾಮುನ್ ಅವನಿಗೆ ಸುಗಂಧ ಲೇಪಿಸುತ್ತಿದ್ದಾಳೆ. ಮೇಲೆ ಸೂರ್ಯನ ಕಿರಣಗಳು. ಫೋಟೋ ಕಳಿಸಿದಾಗ ಅಮ್ಮ ಫೋನಿನಲ್ಲಿ, "ಈಗ ಸರಿಯಾದ ಜೋಡಿ. ಇವರನ್ನ ಪಟ್ಟದ ಗೊಂಬೆ ಪಕ್ಕ ಕೂರಿಸಬಹುದು" ಎಂದರು.

ಫಲಕದ ಕೆಳಗೆ ಮಗಳು ಕನ್ನಡದಲ್ಲೇ ಒಂದು ಚೀಟಿ ಬರೆದಿಟ್ಟಿದ್ದಾಳೆ: "ಇದು ಪ್ರತಿಕೃತಿ. ಮೂಲ ಈಜಿಪ್ಟಿನಲ್ಲಿದೆ."

ನಮ್ಮದೊಂದು ವಿನಂತಿ. ಈ ಸಲ ಗೊಂಬೆ ಕೂರಿಸುವಾಗ ಒಂದೊಂದು ಗೊಂಬೆಯ ಕೆಳಗೂ ಇಂಥ ಒಂದು ಚೀಟಿ ಇಡಿ. ಚನ್ನಪಟ್ಟಣದ್ದೋ, ಕಿನ್ನಾಳದ್ದೋ, ಅಜ್ಜಿ ಮದುವೆಯಲ್ಲಿ ಕೊಟ್ಟದ್ದೋ, ಬರೆಯಿರಿ. ನಾಳೆ ಈ ಗೊಂಬೆಗಳು ನಮ್ಮ ಮಕ್ಕಳ ಪಾಲಿಗೆ ಬಂದಾಗ ಹೇಳುವುದಕ್ಕೆ ನಾವಿರುವುದಿಲ್ಲ. ಚೀಟಿ ಇರುತ್ತದೆ.