ಕೊಲೆಸ್ಟರಾಲ್ ಇಳಿದಿದೆ ಎಂಬ ಸಮಾಧಾನ



ಇಲ್ಲಿನ ರಕ್ತಪರೀಕ್ಷೆಯ ವರದಿಯನ್ನು ರಜೆಯಲ್ಲಿ ಮಂಗಳೂರಿಗೋ ಉಡುಪಿಗೋ ಒಯ್ದವರು ಮೊದಲು ಗಾಬರಿಗೊಳ್ಳುವುದು ಅಂಕಿಗಳನ್ನು ಕಂಡು. ಕುವೈತಿನಲ್ಲಿ 5.2 ಇದ್ದ ಕೊಲೆಸ್ಟರಾಲ್ ಊರಿನಲ್ಲಿ 201 ಆಗಿರುತ್ತದೆ. ಎರಡೂ ಒಂದೇ. ಇಲ್ಲಿಯ ಅಳತೆ ಲೀಟರಿಗೆ ಮಿಲಿಮೋಲ್, ಅಲ್ಲಿಯದು ಡೆಸಿಲೀಟರಿಗೆ ಮಿಲಿಗ್ರಾಂ, 38.67ರಿಂದ ಗುಣಿಸಿದರೆ ಲೆಕ್ಕ ಕೂಡುತ್ತದೆ. ಟ್ರೈಗ್ಲಿಸರೈಡಿಗೆ ಮಾತ್ರ 88.57ರಿಂದ ಗುಣಿಸಬೇಕು. ಆದರೆ ಲೆಕ್ಕ ಸರಿಯಾಗಿದ್ದರೂ ಅರ್ಥ ತಪ್ಪುವ ಸಂದರ್ಭವೊಂದುಂಟು. ಈ ಸಂಜೆ ನಾನು ಹೇಳಬೇಕೆಂದಿರುವುದು ಅದನ್ನೇ.

ದೇಹದಲ್ಲಿ ಉರಿಯೂತವಿದ್ದಾಗ ಯಕೃತ್ತು ಸಿ.ಆರ್.ಪಿ. ಎಂಬ ಪ್ರೋಟೀನನ್ನು ಹೆಚ್ಚಾಗಿ ತಯಾರಿಸುತ್ತದೆ. 1930ರಲ್ಲಿ ನ್ಯೂಯಾರ್ಕಿನ ರಾಕ್‌ಫೆಲರ್ ಸಂಸ್ಥೆಯ ಟಿಲೆಟ್ ಮತ್ತು ಫ್ರಾನ್ಸಿಸ್ ಇದನ್ನು ನ್ಯುಮೋನಿಯಾ ರೋಗಿಗಳ ರಕ್ತದಲ್ಲಿ ಗುರುತಿಸಿದರು. ಉರಿಯೂತ ಎಲ್ಲಿದೆಯೆಂದು ಇದು ಹೇಳಲಾರದು. ಹಲ್ಲಿನ ಕೀವಿಗೂ ಏರುತ್ತದೆ, ಕೀಲಿನ ಬಾವಿಗೂ ಏರುತ್ತದೆ. ಆದುದರಿಂದ ಜ್ವರ ಬಿಟ್ಟ ಮರುದಿನ ಹೃದಯದ ಅಪಾಯವನ್ನು ಅಳೆಯಲು ಈ ಪರೀಕ್ಷೆ ಮಾಡಿಸುವುದು ವ್ಯರ್ಥ. ಲೀಟರಿಗೆ 10 ಮಿಲಿಗ್ರಾಂ ಮೀರಿದ್ದರೆ ಕೆಲವು ವಾರ ಬಿಟ್ಟು ಮತ್ತೆ ಮಾಡಿಸಬೇಕು.

ಇನ್ನು ರುಮಟಾಯಿಡ್ ಸಂಧಿವಾತದ ರೋಗಿಯೊಬ್ಬರನ್ನು ಊಹಿಸಿಕೊಳ್ಳಿ. ಮುಂಜಾನೆ ಬೆರಳು ಮಡಚಲಾಗದು; ಸಿ.ಆರ್.ಪಿ. 48, ಎಲ್.ಡಿ.ಎಲ್. 2.4. "ನೋವಿದ್ದರೂ ಕೊಲೆಸ್ಟರಾಲ್ ಚೆನ್ನಾಗಿದೆಯಲ್ಲ" ಎಂದು ಮನೆಯವರಿಗೆ ಸಮಾಧಾನ. ಚಿಕಿತ್ಸೆ ಫಲಿಸಿ ಸಿ.ಆರ್.ಪಿ. 5ಕ್ಕೆ ಇಳಿಯುತ್ತದೆ, ಎಲ್.ಡಿ.ಎಲ್. 3.5ಕ್ಕೆ ಏರುತ್ತದೆ. ಕೂಡಲೇ ಮಾತ್ರೆಯೇ ಕೊಬ್ಬು ತಂದಿತೆಂದು ಊರಿನ ಬಂಧುಗಳು ತೀರ್ಪು ಕೊಡುತ್ತಾರೆ, ಮಾತ್ರೆ ನಿಲ್ಲುತ್ತದೆ, ಬೆರಳು ಮತ್ತೆ ಬಿಗಿಯುತ್ತದೆ.

ನಡೆದದ್ದು ಬೇರೆ. ಉರಿಯೂತ ತೀವ್ರವಾಗಿದ್ದಾಗ ದೇಹವು ಕೊಲೆಸ್ಟರಾಲನ್ನು ರಕ್ತದಿಂದ ಬೇಗ ತೆರವುಗೊಳಿಸುತ್ತದೆ. ಆ 2.4 ರೋಗದಿಂದ ಕುಗ್ಗಿದ ಅಂಕಿ, ಆರೋಗ್ಯದ ಗುರುತಲ್ಲ. ರಕ್ತನಾಳಗಳಿಗೆ ಆಗಲೇ ಹೆಚ್ಚು ಅಪಾಯವಿತ್ತು. ಯುರೋಪಿನ ಸಂಧಿವಾತ ತಜ್ಞರ ಒಕ್ಕೂಟವು ಇಂಥ ರೋಗಿಗಳ ಹೃದಯದ ಅಪಾಯದ ಅಂದಾಜನ್ನು 1.5ರಿಂದ ಗುಣಿಸಲು ಹೇಳಿರುವುದು ಇದಕ್ಕಾಗಿಯೇ. ಏರಿದ 3.5ನ್ನೂ ಕಡೆಗಣಿಸುವಂತಿಲ್ಲ. ಅದಕ್ಕೆ ಬೇಕಾದರೆ ಸ್ಟ್ಯಾಟಿನ್ ಉಂಟು, ಸಂಧಿವಾತದ ಔಷಧವನ್ನು ಬಲಿಗೊಡಬೇಕಾಗಿಲ್ಲ.

ಉರಿಯೂತವೇ ಹೃದಯಕ್ಕೆ ಕೇಡೆಂಬುದು ಬರಿಯ ಊಹೆಯಲ್ಲ. 2017ರ ಕ್ಯಾಂಟೋಸ್ ಅಧ್ಯಯನದಲ್ಲಿ, ಹಿಂದೆ ಹೃದಯಾಘಾತವಾಗಿದ್ದ ಹತ್ತು ಸಾವಿರಕ್ಕೂ ಹೆಚ್ಚು ರೋಗಿಗಳ ಪೈಕಿ, ಕೊಲೆಸ್ಟರಾಲನ್ನು ಮುಟ್ಟದೆ ಉರಿಯೂತವನ್ನಷ್ಟೇ ತಗ್ಗಿಸಿದ ಔಷಧದ 150 ಮಿಲಿಗ್ರಾಂ ಪಡೆದವರಲ್ಲಿ ಹೃದಯಾಘಾತ, ಪಾರ್ಶ್ವವಾಯು ಮತ್ತು ಹೃದ್ರೋಗದ ಸಾವು ಒಟ್ಟಾರೆ ಶೇ. 15ರಷ್ಟು ಕಡಿಮೆಯಾದವು. ಮಾರಕ ಸೋಂಕುಗಳು ಮಾತ್ರ ತುಸು ಹೆಚ್ಚಿದವು. ಆದ್ದರಿಂದ ಅದು ಎಲ್ಲರ ಔಷಧವಲ್ಲ.

ಮೀನಾ ಅಬ್ದುಲ್ಲಾದಲ್ಲಿ ಪಾಳಿಯಲ್ಲಿ ದುಡಿಯುವವರು ಎರಡು ದೇಶಗಳ ವೈದ್ಯರನ್ನು ಕಾಣುವುದು ಸಹಜ. ಊರಿಗೆ ಹೊರಡುವಾಗ ಎರಡೂ ಪರೀಕ್ಷೆಗಳ ಹಳೆಯ ವರದಿಗಳನ್ನು ಒಟ್ಟಿಗೆ ಒಯ್ಯಿರಿ; ಯಾವ ಔಷಧ, ಎಷ್ಟು ಪ್ರಮಾಣ, ಯಾವ ದಿನದಿಂದ ಎಂಬುದನ್ನು ಅವುಗಳ ಮೇಲೆಯೇ ಬರೆದಿಡಿ.