ಗುಡಿಸಲು ತೋರಿಸಿದರೆ ಸಾಲದು, ಕೂಲಿಯ ಲೆಕ್ಕ ತೋರಿಸಿ
(ಸೇವಾ ಸಂಸ್ಥೆಯೊಂದರ ಕಾರ್ಯಕರ್ತರ ಸಭೆಯಲ್ಲಿ ಮಾಡಿದ ಭಾಷಣ)



ಬಡತನದ ವಿರುದ್ಧ ನೀವೊಂದು ಪ್ರದರ್ಶನ ಮಾಡಬೇಕೆಂದಿದ್ದೀರಿ. ಬಂದವರು ಗುಡಿಸಲೊಳಗೆ ಬಗ್ಗಿ ಹೋಗಬೇಕು, ಹೊಗೆ ಕುಡಿಯಬೇಕು, ಕತ್ತಲಲ್ಲಿ ಕೂರಬೇಕು, ಆಗ ಬಡತನ ಅಂದ್ರೆ ಏನೂಂತ ತಿಳಿಯುತ್ತೆ ಅನ್ನುತ್ತೀರಿ. ನಮ್ಮ ಅಭಿಪ್ರಾಯ ಕೇಳಿದ್ದೀರಿ. ಗುಡಿಸಲಲ್ಲೇ ಹುಟ್ಟಿ ಬೆಳೆದ ನಾವು ನೇರವಾಗೇ ಹೇಳ್ತೀವಿ.

ಹತ್ತು ನಿಮಿಷ ಒಳಗೆ ಕೂತವನಿಗೆ ಹೊರಗೆ ಹೋಗೋ ಬಾಗಿಲು ಗೊತ್ತಿರುತ್ತೆ. ಬಡವನಿಗಿಲ್ಲದ್ದು ಆ ಬಾಗಿಲೇ. ಬಂದವರು ಕಣ್ಣೊರೆಸಿಕೊಂಡು ಡಬ್ಬಿಗೆ ಕಾಸು ಹಾಕಿ ಮನೆಗೆ ಹೋದರೆ ಕನಿಕರ ಅಲ್ಲಿಗೆ ಮುಗೀತು. ನಮ್ಮ ಬಡತನ ಆಕಾಶದಿಂದ ಬಿದ್ದದ್ದಲ್ಲ. ಅದರಿಂದ ಲಾಭ ಮಾಡಿಕೊಂಡವರು ಇದ್ದಾರೆ.

ಹಾಗಾದರೆ ಪ್ರದರ್ಶನವೇ ಬೇಡವೇ? ಬೇಕು. 1906ರಲ್ಲಿ ಲಂಡನ್ನಿನ ಕ್ವೀನ್ಸ್ ಹಾಲ್‌ನಲ್ಲಿ 'ಡೈಲಿ ನ್ಯೂಸ್' ಪತ್ರಿಕೆ ಒಂದು ಪ್ರದರ್ಶನ ಏರ್ಪಡಿಸಿತು. ಮನೆಯಲ್ಲೇ ಕೂತು ಬೆಂಕಿಪೆಟ್ಟಿಗೆ ಮಾಡುವ, ಅಂಗಿ ಹೊಲಿಯುವ ಹೆಂಗಸರು ಜನರ ಕಣ್ಣೆದುರೇ ಕೆಲಸ ಮಾಡಿ ತೋರಿಸಿದರು. ಎಷ್ಟು ಗಂಟೆ ದುಡಿತಕ್ಕೆ ಎಷ್ಟು ಕೂಲಿ ಎಂಬ ಲೆಕ್ಕವನ್ನು ಪುಸ್ತಕದಲ್ಲಿ ಅಚ್ಚು ಹಾಕಿದ್ದರು. ಸುಮಾರು 30,000 ಜನ ನೋಡಿದರು. ತಾವು ತೊಟ್ಟ ಅಂಗಿ ಅಗ್ಗವಾಗಿದ್ದು ಯಾರ ಹೊಟ್ಟೆ ಮೇಲೆ ಹೊಡೆದು ಅಂತ ಅವರಿಗೆ ಕಂಡಿತು. ಕನಿಷ್ಠ ಕೂಲಿಗಾಗಿ ಚಳವಳಿ ಬೆಳೆಯಿತು. 1909ರಲ್ಲಿ ಟ್ರೇಡ್ ಬೋರ್ಡ್ಸ್ ಕಾಯಿದೆ ಬಂತು, ನಾಲ್ಕು ಕಸುಬುಗಳಿಗೆ ಕನಿಷ್ಠ ಕೂಲಿ ನಿಗದಿ ಮಾಡೋದಕ್ಕೆ.

ಕಾಯಿದೆ ಬಂದ ಮಾತ್ರಕ್ಕೆ ಕೂಲಿ ಕೈಗೆ ಬರಲಿಲ್ಲ. ಕ್ರ್ಯಾಡ್ಲಿ ಹೀತ್ ಎಂಬ ಊರಲ್ಲಿ ಸರಪಳಿ ಬಡಿಯುವ ಹೆಂಗಸರಿಗೆ ಗಂಟೆಗೆ ಎರಡೂವರೆ ಪೆನ್ಸ್ ಎಂದು ನಿಗದಿಯಾಯಿತು. ಮಾಲೀಕರು ಓದು ಬಾರದವರಿಂದಲೂ 'ನಮಗೆ ಆ ಕೂಲಿ ಬೇಡ' ಎಂಬ ಕಾಗದಕ್ಕೆ ಒಪ್ಪಿಗೆ ಹಾಕಿಸಿಕೊಂಡರು. ನಮ್ಮ ಹೆಬ್ಬೆಟ್ಟಿನ ಕಥೆ ಅಲ್ಲೂ ಇತ್ತು ನೋಡಿ! 1910ರಲ್ಲಿ ಮೇರಿ ಮೆಕಾರ್ಥರ್ ಜೊತೆ ಆ ಹೆಂಗಸರು ಹತ್ತು ವಾರ ಹೋರಾಡಿ ಗೆದ್ದರು. ನಮ್ಮ ದೇಶದಲ್ಲಿ ಕನಿಷ್ಠ ಕೂಲಿ ಮಸೂದೆಯನ್ನು 1946ರಲ್ಲಿ ಮಂಡಿಸಿದವರು ಆಗ ಕಾರ್ಮಿಕ ಸದಸ್ಯರಾಗಿದ್ದ ಬಾಬಾಸಾಹೇಬರು. 1948ರಲ್ಲಿ ಅದು ಕಾಯಿದೆಯಾಯಿತು.

ಆದ್ದರಿಂದ ನಿಮ್ಮ ಪ್ರದರ್ಶನದಲ್ಲಿ ಹೊಗೆಗಿಂತ ಮೊದಲು ಲೆಕ್ಕ ಇಡಿ. ಸಾವಿರ ಬೀಡಿ ಕಟ್ಟಿದ ಅವ್ವನಿಗೆ ಸಿಕ್ಕಿದ್ದೆಷ್ಟು, ಸರಿಯಿಲ್ಲ ಅಂತ ಕಂತ್ರಾಟುದಾರ ಎಸೆದದ್ದೆಷ್ಟು, ಅಂಗಡಿಯಲ್ಲಿ ಅದಕ್ಕೆ ಬೆಲೆಯೆಷ್ಟು, ಬರೆದು ಹಾಕಿ. ಗುಡಿಸಲು ಕಟ್ಟಿದರೆ ಅದು ಊರಾಚೆ ಯಾಕಿದೆ, ಸುತ್ತಲಿನ ಹೊಲ ಯಾರದು ಅನ್ನೋದನ್ನೂ ತೋರಿಸಿ. ಜಾತಿಯ ಹೆಸರೆತ್ತದೆ ಬಡತನ ತೋರಿಸುವುದು ಅರ್ಧ ಸುಳ್ಳು. ವಿವರಿಸೋಕೆ ಬೇರೆಯವರು ಯಾಕೆ? ದುಡಿದವರೇ ಮಾತಾಡಲಿ, ಆ ದಿನದ ಕೂಲಿಯನ್ನೂ ಅವರಿಗೆ ಕೊಡಿ. ನಮ್ಮ ಮಕ್ಕಳ ಬರಿಮೈ ಫೋಟೋ ಗೋಡೆಗೆ ಬೇಡ.

ಕೊನೇ ಬಾಗಿಲಲ್ಲಿ ಕಾಸಿನ ಡಬ್ಬಿ ಒಂದನ್ನೇ ಇಡಬೇಡಿ. ಒಂದು ಪ್ರಶ್ನೆಯನ್ನೂ ಇಡಿ: 'ನಿಮ್ಮ ಮನೆಯಲ್ಲಿ, ಹೊಲದಲ್ಲಿ, ಕಾರ್ಖಾನೆಯಲ್ಲಿ ದುಡಿಯೋರಿಗೆ ನೀವು ಕೊಡುವ ಕೂಲಿ ಎಷ್ಟು?' ಇದಕ್ಕೆ ಉತ್ತರ ಬರೆಯೋ ಧೈರ್ಯ ಬಂದವರಿಗೆ ಬಂದರೆ ನಿಮ್ಮ ಪ್ರದರ್ಶನ ಗೆದ್ದ ಹಾಗೆ. ಅಂಥ ಪ್ರದರ್ಶನಕ್ಕೆ ಚಪ್ಪರ ಹಾಕೋಕೆ ನಾವೇ ಬರ್ತೀವಿ.

ಜೈ ಭೀಮ್.